ತಲೆಕೆಳಗಾದ ಮುದ್ರೆ

ನನ್ನ ಕಾಲಿನಿಂದ ಒದೆಸಿಕೊಳ್ಳದ ಗಂಡಸು ನಮ್ಮ ವಸ್ತಿಯ ಸುತ್ತಮುತ್ತ ಯಾರೂ ಉಳಿದಿಲ್ಲ. ಪೊಲೀಸ್ ಪಾಟೀಲರು ಒದೆಸಿಕೊಂಡಿದ್ದಾರೆ, ಶಾಲೆಯ ಹೆಡ್‌ಮಾಸ್ತರರು ಒದೆಸಿಕೊಂಡಿದ್ದಾರೆ. ಸರಪಂಚರಂತೂ ಎಲೆಕ್ಷನ್ನಿಗೆ ಮೊದಲೊಮ್ಮೆ, ಗೆದ್ದ ಮೇಲೊಮ್ಮೆ ಬಂದು ನಮ್ಮ ಅಂಗಳದಲ್ಲಿ ಬೋರಲು ಬಿದ್ದಿದ್ದಾರೆ. ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಅಂಥವರಿಗೆ ಪಾಯಾಳು ಅನ್ನುತ್ತಾರೆ. ಪಾಯಾಳು ಒದ್ದರೆ ಬೆನ್ನಿನ ಉಳುಕು ಬಿಟ್ಟುಹೋಗುತ್ತದೆ ಎಂದು ನಂಬಿಕೆ. ಬಿಡುತ್ತದೋ ಇಲ್ಲವೋ, ನನಗಂತೂ ಆ ಕೆಲಸ ಬಹಳ ಸೇರುತ್ತಿತ್ತು. ಹೆಂಗಸರ ಮುಂದೆ ಮೀಸೆ ತಿರುವುವವರು ನನ್ನ ಹಿಮ್ಮಡಿಯ ಕೆಳಗೆ "ಯವ್ವಾ, ಸಾವಕಾಶ" ಎಂದು ನರಳುವುದನ್ನು ಕೇಳಿದರೆ ಯಾರಿಗೆ ಸಂತೋಷವಾಗುವುದಿಲ್ಲ?

ಪಾಯಾಳುಗಳ ಬಗ್ಗೆ ಇನ್ನೊಂದು ಮಾತಿದೆ. ಅದನ್ನು ಜನ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಭೂಮಿಯೊಳಗೆ ಹೂತಿಟ್ಟದ್ದು ಪಾಯಾಳುವಿನ ಕಾಲಿಗೆ ಗೊತ್ತಾಗುತ್ತದಂತೆ, ಹೂತಿಟ್ಟದ್ದನ್ನು ಕಾಯುವ ದೈವಕ್ಕೆ ಪಾಯಾಳುವಿನ ರಕ್ತವೆಂದರೆ ಆಸೆಯಂತೆ. ತಿಕೋಂಡಿಯ ನನ್ನ ತವರಿನಲ್ಲಿ ಅವ್ವ ಈ ಮಾತನ್ನು ಒಂದೇ ಸಲ ಎತ್ತಿದ್ದು, ಮದುವೆಯ ಹಿಂದಿನ ದಿನ. "ಯಾರರೆ ಹೊಲ ತೋರಸ್ತೀನಿ ಬಾ ಅಂದ್ರ ಹೋಗಬ್ಯಾಡವಾ ಮಗಳ," ಅಂದಳು. ನಾನು ನಕ್ಕುಬಿಟ್ಟೆ.

ಮದುವೆಯಾಗಿ ಬಂದದ್ದು ಉಮದಿಯಿಂದಾಚೆಗಿನ ಈ ವಸ್ತಿಗೆ. ಗಂಡ ಶಿದ್ರಾಯ, ಮೈದುನ ಬೀರದೇವ, ಅತ್ತೆ ಹಣಮವ್ವ, ಒಂದು ಹಟ್ಟಿ ತುಂಬ ಕುರಿ. ಶಿದ್ರಾಯ ಕೆಟ್ಟವನಲ್ಲ. ಆದರೆ ತಮ್ಮ ಗುಡ್ಡ ಹತ್ತು ಅಂದರೆ ಹತ್ತುವವನು, ಅವ್ವ ಇಳಿ ಅಂದರೆ ಇಳಿಯುವವನು. ನಾನು ಏನಾದರೂ ಹೇಳಿದರೆ ಮಾತ್ರ "ನೋಡೂಣು" ಅನ್ನುತ್ತಿದ್ದ. ನಮಗೆ ಮಕ್ಕಳಾಗಿರಲಿಲ್ಲ. ಅತ್ತೆ ಅದನ್ನು ದಿನಕ್ಕೊಂದು ನೆವದಲ್ಲಿ ನೆನಪಿಸುತ್ತಿದ್ದಳು, ರೊಟ್ಟಿ ಸೀದರೂ ಅದೇ ಕಾರಣ, ಹಾಲು ಒಡೆದರೂ ಅದೇ ಕಾರಣ.

ಹೋದ ದೀಪಾವಳಿಯ ನಂತರ ಸರಕಾರದ ಯೋಜನೆಯಲ್ಲಿ ನಮ್ಮ ಹೊಲಕ್ಕೊಂದು ಹೊಂಡ ಮಂಜೂರಾಯಿತು. ಜೆಸಿಬಿ ಬಂದು ಬದುವಿನ ಬನ್ನಿಗಿಡದ ಪಕ್ಕ ಅಗೆದು ಹೋಯಿತು. ಮರುದಿನ ತಳದ ಮಣ್ಣು ಸಮ ಮಾಡಲು ಇಳಿದಿದ್ದ ಬೀರದೇವ ಮಧ್ಯಾಹ್ನ ಊಟಕ್ಕೆ ಬಂದಾಗ ಟವೆಲಿನಲ್ಲಿ ಏನನ್ನೋ ಸುತ್ತಿ ತಂದ. ಒಡೆದ ಗಡಿಗೆಯ ಬಾಯಿ, ಅದರೊಳಗೆ ಹಸಿರು ಕಿಲುಬು ಹಿಡಿದ ಬಿಲ್ಲೆಗಳು. ಸೇರು ಅಳೆಯುವಷ್ಟಿದ್ದವು. ಬಾಗಿಲು ಹಾಕಿ ನನ್ನ ಮುಂದೆ ಸುರಿದ.

"ವೈನಿ, ಹುಣಸಿಹಣ್ಣ ಹಚ್ಚಿ ತಿಕ್ಕರಿ. ಬಂಗಾರ ಇರಬೇಕು."

ತಿಕ್ಕಿದೆ. ಹಸಿರು ಹೋಗಿ ಕೆಂಪು ಮಿಶ್ರಿತ ಹಳದಿ ಬಣ್ಣ ಬಂತು. ಅವು ಈಗಿನ ನಾಣ್ಯಗಳಂತೆ ದುಂಡಗೆ ಇರಲಿಲ್ಲ. ತಗಡನ್ನು ಕತ್ತರಿಸಿ, ತೂಕಕ್ಕಾಗಿ ಮೂಲೆ ಹಾರಿಸಿದ ಹಾಗೆ, ಕೆಲವು ಚೌಕ, ಕೆಲವು ಯಾವ ಆಕಾರಕ್ಕೂ ಸೇರದವು. ಅಕ್ಷರವಿಲ್ಲ, ರಾಜನ ಮುಖವಿಲ್ಲ. ಬರೀ ಗುರುತುಗಳು, ಪ್ರತಿಯೊಂದನ್ನೂ ಬೇರೆ ಬೇರೆ ಅಚ್ಚಿನಿಂದ ಕುಟ್ಟಿ ಮೂಡಿಸಿದ್ದು. ಒಂದು ಸೂರ್ಯ, ಒಂದು ಆನೆ, ಕಟಕಟೆಯೊಳಗೊಂದು ಗಿಡ, ಮೂರು ಗುಮ್ಮಟದ ಗುಡ್ಡ, ಅದರ ಮೇಲೆ ಉಗುರಿನಷ್ಟು ಚಂದ್ರ. ಒಂದರ ಮೇಲೊಂದು ಹತ್ತಿ ಕೂತಿದ್ದವು. ನನಗೆ ಅವು ಬಹಳ ಚೆಂದ ಕಂಡವು.

ಉಮದಿಯ ಸಂತೆಯ ದಿನ ನಾನೂ ಬೀರದೇವನೂ ಎರಡು ಬಿಲ್ಲೆ ತೆಗೆದುಕೊಂಡು ಕಾಸೀಂಸಾಬರ ಅಂಗಡಿಗೆ ಹೋದೆವು. ಅವರದು ತಾಮ್ರ, ಹಿತ್ತಾಳೆ ಪಾತ್ರೆಗಳ ವ್ಯಾಪಾರ. ಕಲ್ಲಿಗೆ ತಿಕ್ಕಿ ನೋಡಿದರು, ಬೆಳಕಿಗೆ ಹಿಡಿದರು.

"ಬಂಗಾರಲ್ಲ ತಮ್ಮಾ, ಕಂಚು. ಭಾಳ ಜೂನಾದು, ನಮ್ಮ ನಿಮ್ಮ ಮುತ್ಯಾನ ಮುತ್ಯಾಗೂ ಗೊತ್ತಿರದಷ್ಟು ಜೂನಾ. ತಹಸೀಲಕ್ಕ ಕೊಟ್ಟಬಿಡ್ರಿ. ಮನ್ಯಾಗ ಇಟ್ಕೊಂಡ್ರ ಗುನ್ಹಾ ಆಗ್ತೈತಿ."

ಬೀರದೇವನ ಮುಖ ಹುಳಿ ತಿಂದಂತಾಯಿತು. ಅಲ್ಲಿಂದ ಮನೆಗೆ ಬರುವ ಬದಲು ಅವನು ದೇವಋಷಿ ಅಣ್ಣಾರಾಯನ ಹತ್ತಿರ ಹೋದ. ಈ ಅಣ್ಣಾರಾಯ ನಿಂಬೆಹಣ್ಣು ಕೊಯ್ದು ದೆವ್ವ ಬಿಡಿಸುವವನು. ಮೊದಲು ಬೋರ್‌ವೆಲ್ಲಿಗೆ ಜಾಗ ತೋರಿಸುತ್ತಿದ್ದ. ಮೂರು ಕಡೆ ನೀರು ಬೀಳದೆ ಏಟು ಬಿದ್ದ ಮೇಲೆ ದೆವ್ವಗಳ ಕಡೆ ತಿರುಗಿದ್ದ. ದೆವ್ವ ಬಿಟ್ಟಿತೋ ಇಲ್ಲವೋ ಎಂದು ಅಗೆದು ನೋಡುವವರಿಲ್ಲವಲ್ಲ.

ಅವನು ಬಂದು ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿ ಬಿಲ್ಲೆಗಳನ್ನು ಹರವಿದ. ಶಿದ್ರಾಯ, ಬೀರದೇವ ಅವನ ಎದುರಿಗೆ ಕೂತರು. ನಾನು ಚಹಾ ಕೊಟ್ಟು ಒಳಬಾಗಿಲಲ್ಲಿ ನಿಂತೆ.

"ಇವು ರೊಕ್ಕಲ್ಲ," ಅಂದ. "ಇವು ಹೇಳಿಕಿ. ಮ್ಯಾಲ ಕಂಚು, ನಡಕ ಬೆಳ್ಳಿ, ತಳಕ ಬಂಗಾರ. ಇಟ್ಟಾಂವ ತಗೋಳೂದು ಹ್ಯಾಂಗ ಅಂತ ಇದರಾಗ ಬರದಿಟ್ಟಾನ. ನೋಡ್ರಿ, ಕಟ್ಟಿಯೊಳಗ ಗಿಡ ಅಂದ್ರ ನಿಮ್ಮ ಬನ್ನಿ. ಗೆರಿಯಷ್ಟ ಚಂದ್ರ ಅಂದ್ರ ಅಮಾಸಿ. ಸೂರ್ಯ ಅಂದ್ರ ನಡುಮಧ್ಯಾನ."

ಆಮೇಲೆ ಒಂದು ಬಿಲ್ಲೆ ಎತ್ತಿ ಕಣ್ಣಿಗೆ ಹತ್ತಿರ ಹಿಡಿದ. ಅದರಲ್ಲಿ ಆನೆಯ ಪಕ್ಕ ಒಬ್ಬ ಮನುಷ್ಯನ ಗುರುತಿತ್ತು. ಕಡ್ಡಿಯಂಥ ಕೈ, ಕಡ್ಡಿಯಂಥ ಕಾಲು, ತಲೆ ಕೆಳಗೆ, ಕಾಲು ಮೇಲೆ.

"ಕಾಲು ಮುಂದಾಗಿ ಬಂದ ಮನಷಾ," ಅಂದ ಅಣ್ಣಾರಾಯ. "ಪಾಯಾಳು."

ಮೂವರೂ ಒಟ್ಟಿಗೆ ತಿರುಗಿ ನನ್ನ ಕಾಲು ನೋಡಿದರು. ಮುಖ ಯಾರೂ ನೋಡಲಿಲ್ಲ. ನಾನು ಸೀರೆಯ ನೆರಿಗೆಯನ್ನು ಹೆಬ್ಬೆರಳಿನ ಮೇಲೆ ಎಳೆದುಕೊಂಡೆ.

ಆದರೂ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಹೋಗಿ ಬಿಲ್ಲೆಯನ್ನು ಅವನ ಕೈಯಲ್ಲೇ ತಿರುಗಿಸಿದೆ. "ಈಗ ನೋಡ್ರಿ. ಮನಷಾ ನೆಟ್ಟಗ ನಿಂತಾನ, ಆನಿ ತಲಿಕೆಳಗಾತು. ಆನೀನೂ ಪಾಯಾಳು ಏನ್ರಿ? ಒಂದೊಂದ ಅಚ್ಚು ಬ್ಯಾರೆ ಬ್ಯಾರೆ ಹೊಡದಾರ, ಕೈಗಿ ಹ್ಯಾಂಗ ಬಂತೊ ಹಾಂಗ. ಇದಕ್ಕ ಮ್ಯಾಲ ಯಾವದು, ತೆಳಗ ಯಾವದು?"

"ಶಿದ್ರಾಯ, ನಿನ್ನ ಹೆಂಡ್ತಿ ಭಾಳ ಶಾಣ್ಯಾಕಿ ಅದಾಳ," ಅಂದ ಅಣ್ಣಾರಾಯ ನಗುತ್ತ. ಶಿದ್ರಾಯ ನನಗೆ ಒಳಗೆ ಹೋಗೆಂದು ಕಣ್ಣು ಮಾಡಿದ. ನಾನು ಹೋದೆ. ಬಾಗಿಲು ಮುಚ್ಚಿದರು.

ಅವತ್ತಿನಿಂದ ಅತ್ತೆ ಒಳ್ಳೆಯವಳಾದಳು. ನನಗೆ ಹೆದರಿಕೆ ಶುರುವಾದದ್ದು ಅದರಿಂದ. ಬೆಳಿಗ್ಗೆ ಎದ್ದರೆ ಅಂಗಳ ಗುಡಿಸಿಯಾಗಿರುತ್ತಿತ್ತು. "ನೀ ಕುಂದ್ರವಾ, ನೀರ ನಾ ತರ್ತೀನಿ" ಅನ್ನುತ್ತಿದ್ದಳು. ರೊಟ್ಟಿಗೆ ಬೆಣ್ಣೆ ಹಾಕಿ, ತಿನ್ನುವ ತನಕ ಎದುರಿಗೇ ಕೂರುತ್ತಿದ್ದಳು. ಮದುವೆಯಾದಾಗಿನಿಂದ ಆ ಬೆಣ್ಣೆಯ ಗಡಿಗೆಯನ್ನು ನನ್ನ ಕೈಗೆ ಸಿಗದಷ್ಟು ಎತ್ತರಕ್ಕೆ ಕಟ್ಟಿದ್ದವಳು ಅವಳೇ. ತಲೆಗೆ ಎಣ್ಣೆ ಹಚ್ಚಿದಳು, ಹೊಸ ಹಸಿರು ಸೀರೆ ತರಿಸಿದಳು. ಮೈಮೇಲೆ ಎಲ್ಲಾದರೂ ಗಾಯ, ಬರೆ ಇದೆಯೇ ಎಂದು ಒಮ್ಮೆ ಕೇಳಿದಳು. ಯಾಕೆ ಎಂದರೆ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಟಗರಿನ ಹಲ್ಲು, ಗೊರಸು ನೋಡುವಾಗ ಅವಳ ಕಣ್ಣು ಹೇಗಿರುತ್ತದೆಂದು ನಾನು ನೋಡಿದವಳು.

ಬೆನ್ನು ಹಿಡಿದುಕೊಂಡು ಬಂದವರನ್ನೆಲ್ಲ ಬೀರದೇವ ಬಾಗಿಲಿನಿಂದಲೇ ವಾಪಸು ಕಳಿಸತೊಡಗಿದ. ವೈನಿಯ ಕಾಲು ಅಮಾವಾಸ್ಯೆಯ ತನಕ ಯಾರನ್ನೂ ಮುಟ್ಟಬಾರದಂತೆ. ತವರಿಗೆ ಫೋನ್ ಮಾಡುತ್ತೇನೆಂದರೆ ಗಂಡನ ಫೋನಿಗೆ ರಿಚಾರ್ಜ್ ಇರಲಿಲ್ಲ, ಮೈದುನನ ಫೋನಿಗೆ ರೇಂಜ್ ಇರಲಿಲ್ಲ. ನಾನು ಕುರಿ ಹಿಂದೆ ಹೊರಟರೆ ಅವನ ಮೋಟರ್‌ಸೈಕಲ್ಲು ದಾರಿಯ ತುದಿಯಲ್ಲಿ ನಿಂತಿರುತ್ತಿತ್ತು.

ಒಂದು ದಿನ ಗಂಡನನ್ನು ಹಟ್ಟಿಯ ಹಿಂದೆ ಹಿಡಿದು ನಿಲ್ಲಿಸಿ ನೇರವಾಗಿ ಕೇಳಿದೆ.

"ನನಗ ಏನ ಮಾಡಾವ್ರದೀರಿ?"

"ಏನೂ ಇಲ್ಲ ಸುನಿತಾ. ನೀ ಹೊಂಡದಾಗ ಬರಿಗಾಲ್ಲೆ ನಡದಾಡೂದು. ಕಾಲಿಗಿ ಎಲ್ಲಿ ಬಿಸಿ ಹತ್ತತೈತಿ ಅಲ್ಲಿ ಅಗಿಯೂದು. ದೈವಕ್ಕ ಒಂದ ಟಗರ ಕೊಟ್ಟ ಮುಗಸ್ತೀವಿ."

"ಟಗರ ಹೌದಲ್ರಿ?"

"ಟಗರ," ಅಂದ. ಹಾಗೆ ಹೇಳುವಾಗ ಅವನು ನನ್ನನ್ನು ನೋಡುತ್ತಿರಲಿಲ್ಲ, ಗೊಬ್ಬರದ ತಿಪ್ಪೆಯನ್ನು ನೋಡುತ್ತಿದ್ದ. "ನಾ ಇರ್ತೀನಲ್ಲ."

ಆ ಮಾತನ್ನು ಹಿಡಿದುಕೊಂಡೇ ಉಳಿದ ದಿನಗಳನ್ನು ಕಳೆದೆ. ನನ್ನ ಗಂಡ, ನನ್ನ ಕೈ ಹಿಡಿದವನು, ಅಲ್ಲಿರುತ್ತಾನೆ. ಇದ್ದು ನನ್ನ ಕಡೆ ನಿಲ್ಲುತ್ತಾನೋ ಅವರ ಕಡೆಯೋ, ಅದೊಂದೇ ನನಗೆ ಗೊತ್ತಾಗಬೇಕಿತ್ತು.

ಛಟ್ಟಿ ಅಮಾವಾಸ್ಯೆ ಬಂತು. ವಸ್ತಿಯ ಜನವೆಲ್ಲ ಟೆಂಪೋ ಮಾಡಿಕೊಂಡು ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಹೊರಟರು. ನಾನೂ ಬುಟ್ಟಿ ಹಿಡಿದು ಹೊರಟೆ. ಅತ್ತೆ ಎಲ್ಲರ ಎದುರಿಗೇ ಕೈ ಹಿಡಿದಳು. "ಇಕಿಗಿ ಮೈಯಾಗ ಆರಾಮಿಲ್ಲ, ನೀವು ಹೋಗ್ರಿ," ಅಂದಳು. ಟೆಂಪೋ ಹೋದ ಧೂಳು ಇಳಿಯುವ ಹೊತ್ತಿಗೆ ವಸ್ತಿಯಲ್ಲಿ ನಾಯಿಗಳನ್ನು ಬಿಟ್ಟರೆ ನಾವು ನಾಲ್ವರೇ ಇದ್ದೆವು. ಸ್ವಲ್ಪ ಹೊತ್ತಿಗೆ ಅಣ್ಣಾರಾಯ ಬಂದ.

ಮಧ್ಯಾಹ್ನದ ಬಿಸಿಲಿನಲ್ಲಿ ಹೊಲಕ್ಕೆ ನಡೆದೆವು. ಬಿಸಿಲಿದ್ದರೂ ಗಾಳಿ ಚಳಿಯದು, ಜೋಳದ ತೆನೆಗಳನ್ನು ಒಂದೇ ಕಡೆ ಬಾಗಿಸುತ್ತಿತ್ತು. ಮುಂದೆ ಅಣ್ಣಾರಾಯ, ಅವನ ಬೆನ್ನಿಗೆ ನಾನು, ನನ್ನ ಹಿಂದೆ ತಾಟು ಹಿಡಿದ ಅತ್ತೆ, ಕೊಡ ಹೊತ್ತ ಗಂಡ, ಕಡೆಯಲ್ಲಿ ಗೋಣಿಚೀಲ ಸುತ್ತಿ ಹಿಡಿದ ಬೀರದೇವ. ನಾನು ಮತ್ತೆ ಮತ್ತೆ ಹಿಂದೆ ತಿರುಗಿ ನೋಡಿದೆ. ನಮ್ಮ ಹಟ್ಟಿಯಲ್ಲಿ ಐದಾರು ಟಗರುಗಳಿದ್ದವು. ಒಂದನ್ನೂ ಬಿಚ್ಚಿ ತಂದಿರಲಿಲ್ಲ.

"ಟಗರ ಎಲ್ಲಿರಿ?" ಅಂದೆ.

"ಬರ್ತೈತಿ ನಡಿ," ಅಂದ ಶಿದ್ರಾಯ.

"ಯಾರ ತರ್ತಾರ? ಊರಾಗ ಯಾರ ಅದಾರ?"

ಬೀರದೇವ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. ಓಡೋಣವೆಂದರೆ ಸುತ್ತ ಬಯಲು, ಹಿಂದೆ ನನಗಿಂತ ಹತ್ತು ವರ್ಷ ಚಿಕ್ಕವನಾದ ಮೈದುನ.

ಹೊಂಡಕ್ಕೆ ಇಳಿಯಲು ಒಂದೇ ದಾರಿ, ಜೆಸಿಬಿ ಹತ್ತಿಳಿದ ಇಳಿಜಾರು. ನಾವು ಇಳಿದ ಮೇಲೆ ಬೀರದೇವ ಅದರ ಬಾಯಲ್ಲಿ ಕೂತ. ಚೀಲವನ್ನು ಕಾಲ ಬಳಿ ಇಟ್ಟಾಗ ಅದರ ಬಾಯಿಂದ ಕಬ್ಬು ಕಡಿಯುವ ಕೊಯ್ತಾದ ಹಿಡಿ ಹೊರಗೆ ಚಾಚಿತು. ಅವನು ಅದನ್ನು ಮೆಲ್ಲಗೆ ಒಳಗೆ ತಳ್ಳಿದ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಅಣ್ಣಾರಾಯ ಭಂಡಾರದ ಅರಿಶಿಣಪುಡಿಯಿಂದ ನೆಲದ ಮೇಲೆ ದೊಡ್ಡದೊಂದು ಹಳದಿ ಗೆರೆ ಸುತ್ತು ಹಾಕಿ, ನಡುವೆ ಕಂಚಿನ ಬಿಲ್ಲೆಗಳನ್ನು ಗುಪ್ಪೆ ಹಾಕಿದ. "ನಡಿಯವಾ," ಅಂದ. ನಡೆದೆ. ಹಸಿಮಣ್ಣು ಎಲ್ಲ ಕಡೆಯೂ ಒಂದೇ ಸಮನೆ ತಣ್ಣಗಿತ್ತು. ಹಾಗೇ ಹೇಳಿದೆ. ಅವನಿಗೆ ಅದರಿಂದ ಏನೂ ಬೇಸರವಾದಂತೆ ಕಾಣಲಿಲ್ಲ. "ಆತು. ಗೆರಿ ಒಳಗ ಬಂದು ನಿಂದ್ರು. ಶಿದ್ರಾಯ, ನೀರ ಹಾಕು."

ಆ ಮಾತು ಕೇಳಿದಾಗ ನನಗೆ ಎಲ್ಲ ತಿಳಿಯಿತು. ಕುರಿ ಕಾಯುವವರ ಮನೆಯ ಸೊಸೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀರಪ್ಪನಿಗೆ ಟಗರು ಕೊಡುವಾಗ ಮೊದಲು ಅದಕ್ಕೆ ಅರಿಶಿಣ ಹಚ್ಚಿ ಮೈಮೇಲೆ ನೀರು ಹಾಕುತ್ತಾರೆ. ಟಗರು ಮೈ ಝಾಡಿಸಿದರೆ, ಅಂದರೆ ಕೊಡವಿಕೊಂಡರೆ, ದೇವರು ಒಪ್ಪಿದ, ಕೊಯ್ಯಬಹುದು. ಝಾಡಿಸದಿದ್ದರೆ ಯಾರೂ ಮುಟ್ಟುವುದಿಲ್ಲ. ಕಾಯುತ್ತಾರೆ, ಮತ್ತೆ ನೀರು ಹಾಕುತ್ತಾರೆ. ನಾನೇ ಎಷ್ಟೋ ಟಗರುಗಳಿಗೆ ನೀರು ಹಾಕಿದ್ದೇನೆ, ಅವು ಝಾಡಿಸಿದಾಗ ಎಲ್ಲರ ಜೊತೆ ಕೇಕೆ ಹಾಕಿದ್ದೇನೆ.

ಗಂಡನ ಮುಖ ನೋಡಿದೆ. "ನೀವು ಇರ್ತೀನಿ ಅಂದಿದ್ರಿ," ಅಂದೆ. ಅವನು ಗೆರೆಯ ಹೊರಗೆ ನಿಂತೇ ತಂಬಿಗೆ ತುಂಬಿ ನನ್ನ ತಲೆಯ ಮೇಲೆ ಸುರಿದ.

ರಾತ್ರಿಯಿಡೀ ಹೊರಗಿಟ್ಟಿದ್ದ ಕೊಡದ ನೀರು. ನೆತ್ತಿಯಿಂದ ಬೆನ್ನಿನ ಸಂದಿಗೆ ಇಳಿಯಿತು. ಆ ಗಾಳಿಗೆ ಹಲ್ಲು ಕಟಕಟ ಅನ್ನಬೇಕು. ನಾನು ದವಡೆ ಕಚ್ಚಿದೆ, ಕಾಲ ಬೆರಳುಗಳನ್ನು ಮಣ್ಣಿನೊಳಗೆ ಊರಿದೆ, ಉಸಿರು ಹಿಡಿದೆ. ನಡುಗಬಾರದು, ಹೆದರಿಕೆಗೂ ನಡುಗಬಾರದು, ಚಳಿಗೂ ನಡುಗಬಾರದು. ಸತ್ತ ಹೆಣದ ಹಾಗೆ ನಿಂತರೆ ಬದುಕುತ್ತೇನೆ. ನಾಲ್ಕು ಜೋಡಿ ಕಣ್ಣು ನನ್ನ ಹೆಗಲು, ಮೊಣಕಾಲು, ಗದ್ದ ಕಾಯುತ್ತಿದ್ದವು. ಅಷ್ಟು ಹೆದರಿದ್ದು ನಾನು ಹುಟ್ಟಿದ ಮೇಲೆ ಇಲ್ಲ.

"ಇನ್ನೊಂದ ಹಾಕು," ಅಂದ ಅಣ್ಣಾರಾಯ.

ಹಾಕಿದ. ತೊಡೆಯ ಒಳಗೆಲ್ಲೋ ಒಂದು ನರ ಜಿಗಿಯತೊಡಗಿತು. ಒದ್ದೆ ಸೀರೆ ಅಂಟಿಕೊಂಡು ಅದು ಕಾಣುವಂತಿತ್ತು. ಬೀರದೇವ ಕೂತಲ್ಲಿಂದ ಅರ್ಧ ಎದ್ದ. ನಾನು ಆ ಕಾಲಿನ ಮೇಲೆ ಮೈಯ ಭಾರವೆಲ್ಲ ಹಾಕಿದೆ. ನರ ನಿಂತಿತು. ಅವನು ಮತ್ತೆ ಕೂತ.

"ಒಪ್ಪವಲ್ಲದು," ಅಂದಳು ಅತ್ತೆ ಸಣ್ಣ ದನಿಯಲ್ಲಿ. ಅದು ಮರುಕವೋ ಬೇಸರವೋ ನನಗೆ ತಿಳಿಯಲಿಲ್ಲ.

"ಒಪ್ಪತೈತಿ. ಕಿವ್ಯಾಗ ಹಾಕು," ಅಂದ ಅಣ್ಣಾರಾಯ.

ಝಾಡಿಸದ ಟಗರಿಗೆ ಕಡೆಗೆ ಮಾಡುವುದು ಅದನ್ನೇ. ಕಿವಿಗೆ ನೀರು ಬಿದ್ದರೆ ಎಂಥ ಟಗರೂ ತಲೆ ಒದರುತ್ತದೆ. ಕಿವಿಗೆ ಹಾಕಬೇಕಾದರೆ ಹತ್ತಿರ ಬರಬೇಕು. ಶಿದ್ರಾಯ ಗೆರೆ ದಾಟಿ ಒಳಗೆ ಬಂದ, ಎಡಗೈಯಿಂದ ನನ್ನ ಗದ್ದ ಹಿಡಿದು ವಾರೆ ಮಾಡಿದ. ಅವನ ಉಸಿರು ನನ್ನ ಕೆನ್ನೆಗೆ ತಾಗಿತು. ಎಷ್ಟೋ ರಾತ್ರಿ ತಾಗಿದ ಉಸಿರೇ. ಕಣ್ಣು ಮುಚ್ಚದೆ ಅವನನ್ನೇ ನೋಡಿದೆ. ಬೇರೆ ಏನೂ ಮಾಡಲಿಲ್ಲ, ಬೈಯಲಿಲ್ಲ, ಬೇಡಲಿಲ್ಲ. ಅವನು ತಂಬಿಗೆ ಎತ್ತಿದ. ಕೈ ಸೋತು ತಂಬಿಗೆ ವಾಲಿತು, ನೀರೆಲ್ಲ ಅವನದೇ ಎದೆಯ ಮೇಲೆ ಸುರಿಯಿತು.

ಅವನು ಝಾಡಿಸಿದ. ತಲೆಯಿಂದ ಹಿಮ್ಮಡಿಯ ತನಕ, ಟಗರು ಝಾಡಿಸುವ ಹಾಗೆಯೇ, ತಡೆಯಲಾಗದೆ, ಒಂದಲ್ಲ, ಎರಡು ಸಲ. ತಂಬಿಗೆ ಬಿಲ್ಲೆಗಳ ಗುಪ್ಪೆಯ ಮೇಲೆ ಬಿದ್ದು ಸದ್ದು ಮಾಡಿತು.

ಅಣ್ಣಾರಾಯನ ಬಾಯಿ ತೆರೆದೇ ಇತ್ತು. ಬೀರದೇವನ ಕೈ ಅಭ್ಯಾಸಬಲದಿಂದ ಚೀಲದ ಕಡೆ ಹೋಗಿ, ಅಲ್ಲೇ ನಿಂತಿತು. ಅವನು ಅಣ್ಣನನ್ನು ನೋಡುತ್ತಿದ್ದ, ಅಣ್ಣ ತನ್ನ ಕಾಲ ಸುತ್ತಲಿನ ಹಳದಿ ಗೆರೆಯನ್ನು ನೋಡುತ್ತಿದ್ದ.

"ಗೆರಿ ಒಳಗ ಝಾಡಿಸಿದಾಂವ ಯಾರು?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ದೇವರು ಯಾರನ್ನ ಒಪ್ಯಾನ, ಹೇಳ್ರಿ ದೇವಋಷಿಗಳ."

"ಅದು... ಹಾಂಗಂದ್ರ..." ಅಂದ ಅಣ್ಣಾರಾಯ. "ಝಾಡಿಸೂದು ಅಂತೂ ಆತು. ದೈವ ಬಾಯಿ ತೆರದೈತಿ, ಇನ್ನ ಹಾಂಗ ಬಿಟ್ಟ ಹೋದ್ರ..."

ಅವನ ಮಾತು ಮುಗಿಯಲಿಲ್ಲ. ಅತ್ತೆಯ ಕೈಯಿಂದ ತಾಟು ಹಾರಿ ಅವನ ಮುಖಕ್ಕೆ ಬಡಿಯಿತು. "ನನ್ನ ಮಗಾ ಅದಾನ ಅವಾ!" ಎಂದು ಅವಳು ಕಿರಿಚಿದ ಕಿರಿಚುವಿಕೆಗೆ ಬನ್ನಿಗಿಡದ ಹಕ್ಕಿಗಳೆಲ್ಲ ಎದ್ದವು. "ಭಾಡ್ಯಾ, ನನ್ನ ಮಗನ್ನ ಮುಟ್ಟಿ ನೋಡು! ನಿನ್ನ ಬಂಗಾರಕ್ಕ ಬೆಂಕಿ ಹಚ್ಚಲಿ!" ಕಾಲಿನಿಂದ ಹಳದಿ ಗೆರೆಯನ್ನು ಅಳಿಸಿದಳು, ಬಿಲ್ಲೆಗಳನ್ನು ಹಿಡಿ ಹಿಡಿಯಾಗಿ ತೆಗೆದು ಅವನಿಗೆ ಎಸೆದಳು. ಸೂರ್ಯ, ಆನೆ, ಗಿಡ, ತಲೆ ಕೆಳಗಾದ ಮನುಷ್ಯ ಎಲ್ಲವೂ ಹಾರಿ ಮಣ್ಣಿಗೆ ಬಿದ್ದವು. ಅಣ್ಣಾರಾಯ ಬೀರದೇವನನ್ನು ದಾಟಿಕೊಂಡು ಇಳಿಜಾರು ಹತ್ತಿ ಓಡಿದ. ಅತ್ತೆ ದೊಡ್ಡ ಮಗನನ್ನು ತಬ್ಬಿಕೊಂಡು, ಒದ್ದೆ ಎದೆಯನ್ನು ಸೆರಗಿನಿಂದ ಒರೆಸುತ್ತ ಅಳತೊಡಗಿದಳು. "ಥಂಡಿ ಹತ್ತತೈತಿ ನನ್ನ ಕೂಸಿಗಿ," ಅಂದಳು.

ನಾನು ಎರಡು ತಂಬಿಗೆ ನೀರು ಸೋರುವ ಸೀರೆಯಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದೆ.

ನಾನು ಬಗ್ಗಿ ಕಾಲ ಬಳಿ ಬಿದ್ದಿದ್ದ ಬಿಲ್ಲೆಗಳಲ್ಲಿ ಒಂದು ಹಿಡಿ ಎತ್ತಿಕೊಂಡು ಇಳಿಜಾರು ಹತ್ತಿದೆ. ಬೀರದೇವ ಸರಿದು ದಾರಿ ಬಿಟ್ಟ. ಬದುವಿನ ಹತ್ತಿರ ಶಿದ್ರಾಯ ಏದುತ್ತ ಬಂದು ನನ್ನನ್ನು ಮುಟ್ಟಿದ.

"ಸುನಿತಾ, ಮನಿಗಿ ನಡಿ. ಎಲ್ಲಾ ಮುಗೀತು. ದೇವ್ರಾಣಿ, ನಾ ಹಾಕ್ತಿದ್ದಿಲ್ಲ, ಕೈ ಬರ್ಲಿಲ್ಲ, ನೀನ ನೋಡಿದ್ಯಲ್ಲ."

"ಎರಡ ತಂಬಗಿ ಹಾಕಿದ್ರಿ," ಅಂದೆ. "ನಾ ಝಾಡಿಸಿದ್ರ ನಿಮ್ಮವ್ವನಗತೆ ಚೀರಾಕ ನನಗ ಯಾರ ಇದ್ರು ಅಲ್ಲಿ?"

ಅವನು ಅಲ್ಲೇ ನಿಂತ. ಉತ್ತರ ಇದ್ದಿದ್ದರೆ ನಾನೂ ನಿಲ್ಲುತ್ತಿದ್ದೆನೇನೋ. ಅವನ ಮೇಲೆ ಅಷ್ಟು ಜೀವ ನನಗಿತ್ತು. ಈಗಲೂ ಇದೆಯೋ ಏನೋ, ನೆನೆದರೆ ಸಿಟ್ಟು ಬರುತ್ತದೆ.

ಜೋಳದ ಹೊಲಗಳ ನಡುವೆ ಹಾಯ್ದು ಡಾಂಬರು ರಸ್ತೆಗೆ ಬಂದೆ. ತಿಕೋಂಡಿಗೆ ಹೋದರೆ ಅಣ್ಣ ಎರಡು ದಿನ ಊಟ ಹಾಕಿ, ಹಿರಿಯರನ್ನು ಕೂಡಿಸಿ, ಬುದ್ಧಿ ಹೇಳಿ ವಾಪಸು ತಂದು ಬಿಡುತ್ತಾನೆ. ಅದಕ್ಕೆ ತಾಲೂಕಿನ ಊರಾದ ಜತ್ತಿನ ಬಸ್ಸಿಗೆ ಕೈ ಮಾಡಿದೆ. ಸೆರಗಿನ ಗಂಟಿನಲ್ಲಿದ್ದ ಒದ್ದೆ ನೋಟು ಬಿಚ್ಚಿ ಕೊಟ್ಟು, ಪೊಲೀಸ್ ಸ್ಟೇಷನ್ನಿನ ಹತ್ತಿರ ಇಳಿಸೆಂದು ಕಂಡಕ್ಟರನಿಗೆ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ, ಏನೂ ಕೇಳದೆ ಹೆಂಗಸರಿಗೆ ಕೊಡುವ ಅರ್ಧ ಟಿಕೆಟ್ಟು ಹರಿದುಕೊಟ್ಟ.

ಗುಡ್ಡಾಪುರಕ್ಕೆ ಹೋಗಿಬಂದ ಹೆಂಗಸರು ಸರಿದು ಜಾಗ ಮಾಡಿದರು. ಕೂತೆ. ಬಸ್ಸು ಹೊರಟಿತು. ಆಗ ಶುರುವಾಯಿತು ನಡುಕ. ಮೊದಲು ಗದ್ದ, ಆಮೇಲೆ ಹೆಗಲು, ಆಮೇಲೆ ಇಡೀ ಮೈ. ಮುಂದಿನ ಸೀಟಿನ ಕಂಬಿ ಹಿಡಿದರೆ ಕಂಬಿಯೂ ನಡುಗಿತು. ಪಕ್ಕದ ಮುದುಕಿ ತನ್ನ ಶಾಲು ತೆಗೆದು ನನಗೆ ಹೊದಿಸಿದಳು, ಹಣೆ ಮುಟ್ಟಿ ನೋಡಿದಳು.

"ಜ್ವರ ಬಂದಾವೇನವಾ? ತಡಕೊ ಯವ್ವಾ, ತಡಕೊ."

"ಇಲ್ಲರಿ ಆಯಿ," ಅಂದೆ. "ತಡಕೊಂಡೇ ಬಂದೀನಿ. ಈಗ ನಡಗಲಿ ಬಿಡ್ರಿ."